ಅಪ್‌ಡೇಟ್: ಸಸ್ಕಾಚೆವಾನ್‌ನ ಹಳೆಯ ನಕ್ಷೆ ಸಿಕ್ಕಿತು

ಕೆನಡಾದ ಸಸ್ಕಾಚೆವಾನ್ ಬಯಲಿನ ಜಮೀನೊಂದರ ಸುತ್ತಲಿನ ಹಳೆಯ ನಕ್ಷೆಗಳು ಎಲ್ಲಿ ಸಿಗುತ್ತವೆ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ. ನೀವು ಹೇಳಿದ ‘ಸೆಕ್ಷನಲ್’ ನಕ್ಷೆಯೇ (ಸರ್ವೆಯ ಚೌಕಗಳನ್ನು ತೋರಿಸುವ ಹಳೆಯ ಸರಣಿ) ಕೈಸೇರಿತು: ಅಂಗುಲಕ್ಕೆ ಮೂರು ಮೈಲಿ, ಅಂದರೆ 1:190,080. ಈಗ ಉಪಗ್ರಹ ಚಿತ್ರದಲ್ಲಿ ಗೋಧಿ ಹೊಲವನ್ನು ಓರೆಯಾಗಿ ಸೀಳುವ ಮಸುಕು ಗೆರೆ, ಆ ಹಳೆಯ ನಕ್ಷೆಯಲ್ಲಿ ಢಾಳಾದ ರೈಲು ಹಳಿ!

ಹುಡುಕುವವರಿಗೊಂದು ಮಾತು. ಊರಿನ ಹೆಸರು ಸಾಲದು. ಸರ್ವೆಯ ಚೌಕಜಾಲದಲ್ಲಿ ಜಮೀನಿನ ಜಾಗ ಹೇಳುವ ಟೌನ್‌ಶಿಪ್ (ಉತ್ತರಕ್ಕೆ ಎಷ್ಟನೇ ಚೌಕ), ರೇಂಜ್ (ಮೆರಿಡಿಯನ್‌ನಿಂದ ಅಡ್ಡಕ್ಕೆ ಎಷ್ಟನೇ ಚೌಕ), ಮೆರಿಡಿಯನ್ (ಎಣಿಕೆ ಶುರುವಾಗುವ ಉತ್ತರ-ದಕ್ಷಿಣ ರೇಖೆ) ಸಂಖ್ಯೆಗಳು ಬೇಕು. ಒಂದು ಟೌನ್‌ಶಿಪ್ ಚೌಕಕ್ಕೆ 36 ಸೆಕ್ಷನ್ (ಸುಮಾರು ಒಂದು ಚದರ ಮೈಲಿಯ ತುಂಡುಗಳು); ಎಣಿಕೆ ಆಗ್ನೇಯ ಮೂಲೆಯಲ್ಲಿ ಶುರುವಾಗಿ, ಹಾವಿನಂತೆ ಹೊರಳುತ್ತಾ ಈಶಾನ್ಯದಲ್ಲಿ ಮುಗಿಯುತ್ತದೆ. ಅಮೆರಿಕದಲ್ಲಿ ಶುರುವೇ ಈಶಾನ್ಯದಿಂದ. ಆ ಲೆಕ್ಕ ಹಿಡಿದು ಇಲ್ಲಿ ಹೊರಟರೆ ಬೇರೆಯವರ ಹೊಲದಲ್ಲಿ ನಿಂತಿರುತ್ತೀರಿ.

ನಾನು ಹುಡುಕುತ್ತಿದ್ದ ಹಳ್ಳಿ ಶಾಲೆಯ ಗುರುತು ಮಾತ್ರ ಈ ನಕ್ಷೆಯಲ್ಲಿ ಸಿಗಲಿಲ್ಲ. ಇನ್ನೂ ವಿವರವಾದ 1:50,000 ನಕ್ಷೆ ಹಾಳೆಗಳ ಹಳೆಯ ಮುದ್ರಣ ಯಾರ ಬಳಿಯಾದರೂ ಇದ್ದರೆ ತಿಳಿಸಿ.