ಬಾಣಂತಿಗೆ ಎಣ್ಣೆ ತಿಕ್ಕುವವರಿಗೆ ಮೊದಲು ಏನು ಕಲಿಸಬೇಕು?

ಪ್ರಶ್ನೆ (ತೀರ್ಥಹಳ್ಳಿ): ಎಣ್ಣೆ-ನೀರು ಹಾಕೋ ಕೆಲಸಕ್ಕೆ ಆರು ಹೆಂಗಸರು ಸೇರಿದ್ದಾರೆ. ಕೈ ಹದವಾಗಿದೆ. ಬಸುರಿ, ಬಾಣಂತಿಯರನ್ನು ಮುಟ್ಟೋ ಮೊದಲು ಏನೇನು ಹೇಳಿಕೊಡಬೇಕು?

ಉತ್ತರ (ಸಾಗರ): ತಿಕ್ಕೋದಕ್ಕಿಂತ ಮೊದಲು ನೋಡೋದು ಕಲಿಸಿ ಅಕ್ಕಾ. ಒಂದೇ ಕಾಲು ಊದಿ, ಮೀನಖಂಡ ಬಿಸಿಯಾಗಿ ನೋಯುತ್ತಿದ್ದರೆ ಎಣ್ಣೆ ಮುಟ್ಟಲೇಬಾರದು. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಉಜ್ಜಿದರೆ ಅದು ಕಳಚಿ ಶ್ವಾಸಕೋಶಕ್ಕೆ ಹೋಗಿ ಜೀವಕ್ಕೇ ಅಪಾಯ. ಹೆರಿಗೆಯಾದ ಮೇಲೆ 6 ವಾರ ಈ ಭಯ ಹೆಚ್ಚು. ಮುಖ-ಕೈ ಊತ, ಬಿಡದ ತಲೆನೋವು, ಕಣ್ಣು ಮಂಜು ಅಥವಾ ಬಿ.ಪಿ. 140/90 ಮುಟ್ಟಿದ್ದರೆ ಅವತ್ತೇ ಆಸ್ಪತ್ರೆಗೆ ಕಳಿಸಿ.

ಉತ್ತರ (ಶಿವಮೊಗ್ಗ): ಬಸುರಿಯನ್ನು 20 ವಾರದ ನಂತರ ಅಂಗಾತ ಮಲಗಿಸಬೇಡಿ. ಗರ್ಭದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಲೆ ಸುತ್ತುತ್ತೆ. ಎಡಮಗ್ಗುಲು, ಮೊಣಕಾಲ ನಡುವೆ ದಿಂಬು, ಹೊಟ್ಟೆಯಡಿ ಮಡಿಸಿದ ಪಂಚೆ. ಕಾಲಿಗೆ ಪಾದದಿಂದ ಮೇಲಕ್ಕೆ ಹಗುರ ಕೈ, ಒಳತೊಡೆ ಒತ್ತಬಾರದು.

ಉತ್ತರ (ಸಾಗರ): ಒಂದು ಮಾತು ಬಿಟ್ಟಿದ್ದೆ. ಸಿಸೇರಿಯನ್ ಆದವರ ಹೊಟ್ಟೆಗೆ, ಗಾಯ ಮಾಗಿ ಡಾಕ್ಟರು ಒಪ್ಪೋವರೆಗೆ ಕೈ ಹಾಕಬೇಡಿ. ಹಂಡೆ ನೀರನ್ನು ಮೊಣಕೈಯಲ್ಲಿ ನೋಡಿ. ದುಡಿದ ಅಂಗೈಗೆ ಬಿಸಿ ತಿಳಿಯೋದು ಕಡಿಮೆ. ಬಾಣಂತಿಯನ್ನು ಮಣೆ ಮೇಲೆ ಕೂರಿಸಿಯೇ ಹೊಯ್ಯಿರಿ, ಬಚ್ಚಲ ಕಿಟಕಿ ತೆರೆದಿರಲಿ. ಮಳೆಗಾಲದಲ್ಲಿ ಹಸಿ ಸೌದೆ ಹೊಗೆ ಒಳಗೇ ನಿಲ್ಲುತ್ತೆ.