ಅಪ್‌ಡೇಟ್: ಸಿಡಿಲಿಗೆ ಹ್ಯಾಮ್ ರೇಡಿಯೋ ರಿಗ್ ಸುಟ್ಟದ್ದು ಯಾಕೆಂದು ಗೊತ್ತಾಯಿತು

ಬದಿಯಡ್ಕದ ಹತ್ತಿರದ ನಮ್ಮ ಮನೆಯಲ್ಲಿ ಆಂಟೆನಾದ ಕೇಬಲ್ ಕಳಚಿಟ್ಟಿದ್ದರೂ ಸಿಡಿಲಿಗೆ ನನ್ನ ರಿಗ್ (ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋದ ಸೆಟ್), ಅದರ ಪವರ್ ಸಪ್ಲೈ ಎರಡೂ ಸುಟ್ಟವು, ಯಾಕಿರಬಹುದು ಎಂದು ಹೋದ ವಾರ ಕೇಳಿದ್ದೆ.

"ಎರಡು ಅರ್ಥ್ ಬೇರೆ ಬೇರೆ ಇದೆಯಾ ನೋಡಿ" ಎಂದವರ ಮಾತೇ ಸರಿ. ರಿಗ್ಗಿನ ಚಾಸಿಗೆ (ಲೋಹದ ಹೊರಮೈಗೆ) ನಾನು ಪ್ರತ್ಯೇಕ ಅರ್ಥ್ ರಾಡ್ ಹಾಕಿದ್ದೆ, ಕರೆಂಟಿನ ಅರ್ಥ್ ಮನೆಯ ಇನ್ನೊಂದು ಬದಿಗಿತ್ತು. ಹತ್ತಿರ ಸಿಡಿಲು ಬಿದ್ದಾಗ ಎರಡರ ನಡುವೆ ವೋಲ್ಟೇಜ್ ವ್ಯತ್ಯಾಸ ಉಂಟಾಗಿ, ಕರೆಂಟು ರಿಗ್ಗಿನ ಮೂಲಕವೇ ದಾಟಿದೆ. ಪ್ಲಗ್ಗನ್ನು ಸಾಕೆಟಿನಲ್ಲೇ ಬಿಟ್ಟದ್ದು ನನ್ನ ತಪ್ಪು.

ಈಗ ಎರಡೂ ಅರ್ಥ್‌ಗಳನ್ನು ದಪ್ಪ ತಾಮ್ರದ ಪಟ್ಟಿಯಿಂದ ಜೋಡಿಸಿದ್ದೇನೆ. ಕೇಬಲ್ ಒಳಬರುವಲ್ಲಿ ಅರೆಸ್ಟರ್ (ಸಿಡಿಲಿನ ಹೆಚ್ಚುವರಿ ವೋಲ್ಟೇಜನ್ನು ನೆಲಕ್ಕೆ ಹರಿಸುವ ಸಾಧನ) ಹಾಕಿ ಅದೇ ಪಟ್ಟಿಗೆ ಕೊಟ್ಟಿದ್ದೇನೆ.

ಅರ್ಥ್ ಚೆನ್ನಾಗಿ ಹಿಡಿಯಲು ರಾಡಿನ ಸುತ್ತ ಉಪ್ಪು, ಇದ್ದಿಲು ತುಂಬಿ ಎಂದು ಕೊಟ್ಟ ಸಲಹೆ ನಮ್ಮಲ್ಲಿ ಫಲಿಸಲಿಲ್ಲ. ಅಂಗಳದ ಮುರಕಲ್ಲಿನಲ್ಲಿ ರಾಡ್ ಮೂರಡಿಗಿಂತ ಕೆಳಗೆ ಇಳಿಯಲೇ ಇಲ್ಲ. ಅರ್ಥ್‌ನ ರೋಧ (ಕಡಿಮೆ ಇದ್ದಷ್ಟೂ ಒಳ್ಳೆಯದು) ಅಳೆದರೆ 52 ಓಮ್! ಉಪ್ಪು ಹಾಕಿದರೂ ಮಳೆಗೆ ತೊಳೆದು ಹೋಗುತ್ತದೆ, ರಾಡ್ ಬೇರೆ ಸವೆಯುತ್ತದೆ. ಕೊನೆಗೆ ಕೆಳಗಿನ ಅಡಿಕೆ ತೋಟದ ಒದ್ದೆ ಮಣ್ಣಿಗೆ ಪಟ್ಟಿ ಎಳೆದು, 5 ಮೀಟರ್ ಅಂತರದಲ್ಲಿ ಎರಡು ರಾಡ್ ಹೊಡೆದೆವು. 11 ಓಮ್‌ಗೆ ಇಳಿಯಿತು.

ಇನ್ನೊಂದು ವಿಷಯ ನಾನು ಎಣಿಸಿಯೇ ಇರಲಿಲ್ಲ. 40 ಮೀಟರ್ ಬ್ಯಾಂಡಿನ ಡೈಪೋಲ್‌ನಲ್ಲಿ (ತಂತಿಯ ಆಂಟೆನಾದಲ್ಲಿ) ಮಳೆ ಬಂದಾಗಲೆಲ್ಲ ಎಸ್‌ಡಬ್ಲ್ಯುಆರ್ (ರಿಗ್ ಕಳಿಸಿದ ಶಕ್ತಿ ಎಷ್ಟು ವಾಪಸ್ ಬರುತ್ತದೆ ಎಂದು ತೋರಿಸುವ ಅಳತೆ, 1ಕ್ಕೆ ಹತ್ತಿರವಿದ್ದಷ್ಟೂ ಒಳ್ಳೆಯದು) ಏರುತ್ತಿತ್ತು. ಕೇಬಲಿನ ಕನೆಕ್ಟರ್ ಬಿಚ್ಚಿದರೆ ಒಳಗೆಲ್ಲ ಹಸಿರು ಕಿಲುಬು, ಕೇಬಲಿನ ಹೆಣಿಗೆ ಒಂದು ಗೇಣಿನವರೆಗೆ ಕಪ್ಪಗಾಗಿತ್ತು. ಅಷ್ಟು ಕತ್ತರಿಸಿ, ಹೊಸ ಕನೆಕ್ಟರ್ ಹಾಕಿ, ರಬ್ಬರ್ ಟೇಪ್ ಬಿಗಿದೆ. ಈಗ ಮಳೆಯಲ್ಲೂ 1.4 ದಾಟುವುದಿಲ್ಲ.

ಮೊನ್ನೆ ಸಂಜೆ ಜೋರು ಗುಡುಗು ಬಂತು. ಇಷ್ಟೆಲ್ಲ ಮಾಡಿದ ಮೇಲೂ ಕೇಬಲ್, ಪ್ಲಗ್ ಎರಡನ್ನೂ ಮೊದಲೇ ಕಳಚಿಟ್ಟೆ. ಸಲಹೆ ಕೊಟ್ಟ ಎಲ್ಲರಿಗೂ ತುಂಬಾ ಉಪಕಾರ.