ಜೋಶುವಾ ಮರದ ಹೂವಲ್ಲಿ ಕೂತಿರುವ ಈ ಹುಳ ಯಾವುದು?

ದುರ್ಗದ_ಬಿಸಿಲು:
ನಮಸ್ಕಾರ. ನಾನು ಚಿತ್ರದುರ್ಗದವನು, ಹೊಳಲ್ಕೆರೆ ರಸ್ತೆ ಕಡೆ ಮನೆ. ನಮ್ಮ ಅಕ್ಕನ ಮಗ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಜೋಶುವಾ ಟ್ರೀ ನ್ಯಾಷನಲ್ ಪಾರ್ಕಿಗೆ ಹೋಗಿದ್ದ. ಅಲ್ಲಿ ತೆಗೆದ ಫೋಟೋ ಇದು. ಹುಳ ಹೆಬ್ಬೆರಳಿನ ಉಗುರಿನಷ್ಟು ಇತ್ತಂತೆ. ಮಸಿ ಬೂದು ಬಣ್ಣ. ಗಲ್ಲದ ಕೆಳಗೆ ಹಳದಿ ಉಂಡೆ ಅವುಚಿಕೊಂಡ ಹಾಗಿದೆ. ನೊಣವೋ ಪತಂಗವೋ ತಿಳಿಯುತ್ತಿಲ್ಲ.

ಕೇಳಲು ಇನ್ನೊಂದು ಕಾರಣ ಇದೆ. ಜೋಶುವಾ ಮರ ಯಕ್ಕಾ ಜಾತಿಯದಂತೆ, ನಮ್ಮ ಕಾಂಪೌಂಡಿನಲ್ಲೂ ಒಂದು ಯಕ್ಕಾ ಇದೆ. ಕತ್ತಾಳೆ ಜಾತಿ ಅಂತ ನರ್ಸರಿಯಲ್ಲಿ ಕೊಟ್ಟಿದ್ದು. ಆರು ವರ್ಷದಿಂದ ಗೊಂಚಲು ಗೊಂಚಲು ಬಿಳಿ ಹೂ ಬಿಡುತ್ತದೆ, ಒಂದು ಕಾಯಿ ನಿಂತಿಲ್ಲ. ನೀರು ಜಾಸ್ತಿಯಾಯ್ತು ಅಂತಾಳೆ ನಮ್ಮಾಕೆ. ಕಡಿಮೆಯಾಯ್ತು ಅಂತೀನಿ ನಾನು.

ಕಾಲುವೆ_ದಂಡೆ, ದಾವಣಗೆರೆ:
ಜಗಳ ಬಿಡಿ ಸಾರ್, ನೀರಿನ ತಪ್ಪಲ್ಲ!

ಆ ಹಳದಿ ಉಂಡೆಯೇ ಗುರುತು. ಅದು ಪರಾಗ. ಇದು ಯಕ್ಕಾ ಪತಂಗ, ಹೆಣ್ಣು. ಬಾಯಿಯ ಹತ್ತಿರ ಇದಕ್ಕೆ ಕೈಯಂಥ ಎರಡು ಎಳೆಗಳಿವೆ. ಅವುಗಳಿಂದ ಪರಾಗ ಕೆರೆದು, ಉಂಡೆ ಕಟ್ಟಿ, ಇನ್ನೊಂದು ಹೂವಿಗೆ ಹಾರುತ್ತದೆ. ಅಲ್ಲಿ ಎಳೆ ಕಾಯಿಯೊಳಗೆ ಮೊಟ್ಟೆ ಇಡುತ್ತದೆ. ಆಮೇಲೆ ಹೂವಿನ ನಡುವಿನ ಕಂಬದ ತುದಿಗೆ ಪರಾಗ ತುರುಕುತ್ತದೆ. ಬೇರೆ ಹುಳಗಳಿಗೆ ಪರಾಗ ಸುಮ್ನೆ ಮೈಗೆ ಅಂಟುತ್ತದೆ. ಇದು ಬೇಕು ಅಂತಲೇ ಮಾಡುವ ಕೆಲಸ! ಮರಿಹುಳಗಳು ಒಂದಷ್ಟು ಬೀಜ ತಿನ್ನುತ್ತವೆ, ಉಳಿದದ್ದು ಮರಕ್ಕೆ. ಇದು ಪತ್ತೆಯಾಗಿದ್ದು 1872ರಲ್ಲಿ, ಆಮೇಲೆ ವಿಷಯ ತಿಳಿದು ಡಾರ್ವಿನ್ ಕೂಡ ಬೆರಗಾಗಿದ್ದರು.

ಬಹುತೇಕ ಯಕ್ಕಾ ಪತಂಗಗಳು ಬಿಳಿ. ಜೋಶುವಾ ಮರದ್ದು ಹೀಗೆ ಕಪ್ಪು ಬೂದು. ಅದರಲ್ಲೂ ಎರಡಿವೆ: ಪಶ್ಚಿಮದ ಜೋಶುವಾ ಮರಕ್ಕೆ ಟೆಜೆಟಿಕುಲಾ ಸಿಂಥೆಟಿಕಾ, ಪೂರ್ವದ್ದಕ್ಕೆ ಇನ್ನೂ ಚಿಕ್ಕದಾದ ಆಂಟಿಥೆಟಿಕಾ. ಎರಡನೆಯದಕ್ಕೆ ಬೇರೆ ಹೆಸರು ಬಂದಿದ್ದೇ 2003ರಲ್ಲಿ. ಆ ಪಾರ್ಕಿನಲ್ಲಿರುವುದು ಪಶ್ಚಿಮದ ಮರ. ಹಾಗಾಗಿ ನಿಮ್ಮದು ಸಿಂಥೆಟಿಕಾ.

ಯಕ್ಕಾ ಅಮೆರಿಕ ಕಡೆಯ ಗಿಡ. ಗಿಡ ಇಲ್ಲಿಗೆ ಬಂತು, ಪತಂಗ ಬರಲಿಲ್ಲ, ಅದಕ್ಕೇ ನಿಮ್ಮಲ್ಲಿ ಕಾಯಿ ನಿಲ್ಲುತ್ತಿಲ್ಲ. ಅಂದ ಹಾಗೆ ನರ್ಸರಿಯವರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಕತ್ತಾಳೆಗೆ ಇದು ಹತ್ತಿರದ ನೆಂಟ.

ಜೋಗಿಮಟ್ಟಿ_ಗಾಳಿ:
ಹಾಗಾದ್ರೆ ಅಳಿಯನ ಕೈಲಿ ನಾಲ್ಕು ಹುಳ ತರಿಸಿಬಿಡಿ 😀

ಕಾಲುವೆ_ದಂಡೆ, ದಾವಣಗೆರೆ:
ಅಯ್ಯೋ ಬೇಡ ಮಾರಾಯ್ರೇ. ಲಂಟಾನ ತಂದು ಅನುಭವಿಸುತ್ತಿರುವುದು ಸಾಲದಾ? ತಂದರೂ ಪ್ರಯೋಜನವಿಲ್ಲ. ಸಿಂಥೆಟಿಕಾಗೆ ಜೋಶುವಾ ಮರವೇ ಆಗಬೇಕು. ನಮ್ಮ ಅತ್ತಿ ಮರದ ಕಣಜದ ಹುಳ ಬೇರೆ ಜಾತಿಯ ಮರಕ್ಕೆ ಹೋಗುತ್ತಾ? ಹಾಗೇ ಇದು.

ಕಾಯಿ ನೋಡಲೇಬೇಕು ಅಂದ್ರೆ ನೀವೇ ಪತಂಗ ಆಗಿ. ಹೂ ಅರಳುವುದು ಸಂಜೆ ಮೇಲೆ. ಪರಾಗ ಪುಡಿಯಲ್ಲ, ಅಂಟು. ಕಡ್ಡಿಯಲ್ಲಿ ತೆಗೆದು ನಡುವಿನ ಕಂಬದ ತುದಿಯಲ್ಲಿರುವ ಗುಳಿಗೆ ಒತ್ತಿ. ಮೇಲೆ ಸವರಿದರೆ ಸಾಲದು. ಬೇರೆ ಗಿಡದ ಪರಾಗ ಸಿಕ್ಕರೆ ಒಳ್ಳೆಯದು.

ದುರ್ಗದ_ಬಿಸಿಲು:
ಹಿಂದಿನ ಬೀದಿಯ ಮೇಷ್ಟ್ರ ಮನೆಯಲ್ಲೂ ಒಂದು ಗಿಡ ಇದೆ. ಕತ್ತಲಾದ ಮೇಲೆ ಬೆಂಕಿಕಡ್ಡಿ ಹಿಡಿದು ಅವರ ಕಾಂಪೌಂಡಿಗೆ ಹೋಗಬೇಕು. ಮೊದಲು ಫೋನ್ ಮಾಡಿ ಹೇಳ್ತೀನಿ, ಇಲ್ಲಾಂದ್ರೆ ನಾಯಿ ಬಿಡ್ತಾರೆ.